ಕಪ್ಪತಗುಡ್ಡದ ಮೊದಲ ಚಾರಣ: ಯಾರ ಹಿಂದೆ ನಡೆಯಬೇಕು?

ಕಪ್ಪತಗುಡ್ಡ ಉಳಿದಿದೆ. ಇನ್ನು ಅದನ್ನು ನೋಡಲು ಬರುವವರನ್ನು ಏನು ಮಾಡಬೇಕು ಎಂಬ ಪ್ರಶ್ನೆ ಗದಗ ಸೀಮೆಯ ಪರಿಸರಾಸಕ್ತರ ಮುಂದೆ ನಿಂತಿದೆ. ಮಳೆ ಬಿದ್ದು ಗುಡ್ಡ ಹಸುರಾದೊಡನೆ ರಜಾದಿನಗಳಲ್ಲಿ ಗದಗ-ಬೆಟಗೇರಿ, ಹುಬ್ಬಳ್ಳಿ, ಧಾರವಾಡಗಳಿಂದ ತಂಡಗಳು ಹೊರಡುತ್ತವೆ. ಇವರಲ್ಲಿ ಬಹಳಷ್ಟು ಮಂದಿ ಜೀವನದಲ್ಲಿ ಮೊದಲ ಬಾರಿಗೆ ಗುಡ್ಡ ಹತ್ತುವವರು. ಚಳವಳಿಯ ಒಂದು ವಲಯ, ಅಭಯಾರಣ್ಯವಾದ ಮೇಲೆ ಅಲ್ಲಿ ಮನುಷ್ಯರಿಗೆ ಕೆಲಸವಿಲ್ಲ, ಬಾಗಿಲು ಮುಚ್ಚಿರಿ ಎನ್ನುತ್ತದೆ. ಇನ್ನೊಂದು ವಲಯ, ಪ್ರವಾಸೋದ್ಯಮ ಬೆಳೆಯಲಿ, ರಸ್ತೆ ಬರಲಿ, ವಸತಿಗೃಹ ಬರಲಿ, ಜಿಲ್ಲೆ ಉದ್ಧಾರವಾಗಲಿ ಎನ್ನುತ್ತದೆ. ಈ ಎರಡು ನಿಲುವುಗಳೂ ಗುಡ್ಡದ ಬುಡದಲ್ಲಿ ಬದುಕುತ್ತಿರುವ ಜನರನ್ನು ಮರೆತಿವೆ ಎಂಬುದೇ ಈ ಲೇಖನದ ವಾದ.

ಮಲೆನಾಡಿನ ಗುಡ್ಡವಲ್ಲ

ಮಲೆನಾಡಿನ ಓದುಗರಿಗೆ ಕಪ್ಪತಗುಡ್ಡದ ಪರಿಚಯ ಅಗತ್ಯ. ಗದಗ ಪಟ್ಟಣದ ಸಮೀಪದ ಬಿಂಕದಕಟ್ಟಿಯಿಂದ ಹೊರಟು ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳನ್ನು ಹಾದು ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ, ಸುಮಾರು 60 ಕಿ.ಮೀ. ಉದ್ದಕ್ಕೆ ಈ ಗುಡ್ಡಗಳ ಸಾಲು ಹಬ್ಬಿದೆ. ಸುತ್ತಲೂ ಎರೆಯ ಬಯಲು. ನಡುವೆ ಕಬ್ಬಿಣದ ಅಂಶ ತುಂಬಿದ ಕೆಂಪು ಕಲ್ಲಿನ ಗುಡ್ಡ. ವರ್ಷದ ಸರಾಸರಿ ಮಳೆ ಸುಮಾರು 600 ಮಿ.ಮೀ. ಆಗುಂಬೆಯಲ್ಲಿ ಒಂದು ವಾರದಲ್ಲಿ ಸುರಿಯಬಹುದಾದಷ್ಟು ನೀರನ್ನು ಈ ಗುಡ್ಡ ವರ್ಷವಿಡೀ ಕೂಡಿಟ್ಟುಕೊಳ್ಳಬೇಕು.

ಇಲ್ಲಿ ಬೆಳೆಯುವುದು ಕುರುಚಲು ಕಾಡು ಮತ್ತು ಹುಲ್ಲು. ದಿಂಡಿಲ, ಮಶಿವಾಳ, ಕಕ್ಕೆ, ಮುತ್ತುಗ, ಕವಳಿ, ಬಾರಿ ಮತ್ತು ಇಳಿಜಾರುಗಳ ತುಂಬ ಬಾದೆ ಹುಲ್ಲು. ನೂರಾರು ಬಗೆಯ ಔಷಧೀಯ ಸಸ್ಯಗಳಿಂದಾಗಿ ಜನ ಇದನ್ನು ಸಸ್ಯಕಾಶಿ ಎಂದು ಕರೆದಿದ್ದಾರೆ. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡುವುದು ಲೇಸು ಎಂಬ ಗಾದೆ ಈ ಭಾಗದಲ್ಲಿ ಮನೆಮಾತು. ಚಿರತೆ, ಕತ್ತೆಕಿರುಬ, ತೋಳ, ಕೊಂಡುಕುರಿ, ನವಿಲುಗಳು ಇಲ್ಲಿ ನೆಲೆ ಕಂಡುಕೊಂಡಿವೆ.

ಈ ಗುಡ್ಡದ ಮೇಲ್ಮಣ್ಣು ತೀರ ತೆಳು. ಗರಸು ಬೆರೆತ ಮಸಾರಿ ಮಣ್ಣಿನ ತೆಳುಪದರವನ್ನು ಹುಲ್ಲಿನ ಬೇರು ಹಿಡಿದುಕೊಂಡಿದೆ. ಒಂದು ಸೆಂ.ಮೀ. ಮಣ್ಣು ಕೂಡಲು ಶತಮಾನಗಳು ಬೇಕು. ಹುಲ್ಲಿನ ಹೊದಿಕೆ ಹರಿದಲ್ಲಿ ಕೆಲವೇ ಅಡ್ಡಮಳೆಗಳಲ್ಲಿ ಅದು ಕೊಚ್ಚಿ ಹೋಗುತ್ತದೆ. ಹಾಗೆ ಹೋದ ಮಣ್ಣು ಕೆಳಗಿನ ಹಳ್ಳ-ಕೆರೆಗಳಲ್ಲಿ ಹೂಳಾಗಿ ನಿಲ್ಲುತ್ತದೆ. ಹೆಸರು, ಶೇಂಗಾ, ಜೋಳ, ಕಡಲೆ ಬೆಳೆಯುವ ರೈತನ ಬಾವಿಯ ನೀರಿಗೂ ಗುಡ್ಡದ ಮೇಲಿನ ಹುಲ್ಲಿಗೂ ಇರುವ ನಂಟು ಇದು. ಚಾರಣದ ಪ್ರಶ್ನೆಯನ್ನು ಇಲ್ಲಿಂದಲೇ ಕೇಳಬೇಕು.

ಉಳಿಸಿದವರು ಮತ್ತು ಕಂಡವರು

ಈ ಗುಡ್ಡ ತಾನಾಗಿ ಉಳಿದದ್ದಲ್ಲ. ಇದರ ಒಡಲಿನ ಚಿನ್ನದ ಮೇಲೆ ಕಣ್ಣು ಹಾಕಿದವರು 20ನೇ ಶತಮಾನದ ಆರಂಭದಿಂದಲೂ ಇದ್ದಾರೆ. ಬ್ರಿಟಿಷರ ಕಾಲದಲ್ಲಿಯೇ ಇಲ್ಲಿ ಗಣಿ ತೋಡಲಾಗಿತ್ತು. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಬಳಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ರೈತರ ಭೂಮಿ ಸ್ವಾಧೀನಪಡಿಸಿಕೊಳ್ಳುವ ಪ್ರಯತ್ನ ನಡೆದಾಗ, ಗದಗ ತೋಂಟದಾರ್ಯ ಮಠದ ಡಾ. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಜನ ಎದ್ದು ನಿಂತರು, ಯೋಜನೆ ಕೈಬಿಡಬೇಕಾಯಿತು. 2015ರ ಡಿಸೆಂಬರಿನಲ್ಲಿ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಸರ್ಕಾರ, 2016ರ ನವೆಂಬರಿನಲ್ಲಿ ಆ ಆದೇಶವನ್ನು ಹಿಂಪಡೆಯಿತು. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ನಡೆದ ಧರಣಿಯಲ್ಲಿ ರೈತರು, ವಿದ್ಯಾರ್ಥಿಗಳು, ಮಠಾಧೀಶರು, ವ್ಯಾಪಾರಿಗಳು ಒಂದಾಗಿ ಕೂತರು. ಅದೇ ಏಪ್ರಿಲಿನಲ್ಲಿ ಸಂರಕ್ಷಿತ ಸ್ಥಾನ ಮರಳಿ ಬಂತು. 2019ರ ಮೇ ತಿಂಗಳಲ್ಲಿ ಸುಮಾರು 244 ಚದರ ಕಿ.ಮೀ. ಪ್ರದೇಶ ವನ್ಯಜೀವಿಧಾಮವಾಯಿತು. 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾದ ಸ್ವಾಮೀಜಿ ಆ ದಿನವನ್ನು ಕಾಣಲಿಲ್ಲ.

ಆದರೆ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ಧರಣಿಯಲ್ಲಿ ಕೂತ ಪಟ್ಟಣಿಗರಲ್ಲಿ ಎಷ್ಟೋ ಮಂದಿಗೆ ಗುಡ್ಡ ದೂರದ ನೀಲಿ ಗೆರೆಯಷ್ಟೇ ಆಗಿತ್ತು. ಬಸ್ಸಿನ ಕಿಟಕಿಯಿಂದ ಕಂಡದ್ದು, ಶ್ರಾವಣದಲ್ಲಿ ಕಪ್ಪತ ಮಲ್ಲಯ್ಯನ ದರ್ಶನಕ್ಕೆ ಹೋದಾಗ ಕಂಡದ್ದು, ಅಷ್ಟೇ. ಗುಡ್ಡವನ್ನು ದಿನವೂ ಕಾಲಿನಿಂದ ಬಲ್ಲವರು ಬೇರೆ. ಅವರು ಡೋಣಿ, ಡೋಣಿ ತಾಂಡಾ, ಕಡಕೋಳಗಳಂಥ ಅಂಚಿನ ಊರು-ತಾಂಡಾಗಳ ದನಗಾಹಿಗಳು, ಕುರಿಗಾರರು, ಲಂಬಾಣಿ ಹೆಣ್ಣುಮಕ್ಕಳು, ನಾಟಿ ವೈದ್ಯರು. ಗಣಿ ಬಂದರೆ ಕೈಗೆ ಕೆಲಸ ಬರುತ್ತದೆ ಎಂಬ ಮಾತನ್ನು ಕಂಪನಿಯ ಪರವಾದವರು ಹೇಳಿದ್ದು ಇವರಿಗೇ. ಗಣಿ ಬರಲಿಲ್ಲ, ಕೆಲಸವೂ ಬರಲಿಲ್ಲ. ಸುಗ್ಗಿ ಮುಗಿದೊಡನೆ ಗೋವಾ, ಮಂಗಳೂರುಗಳಿಗೆ ದುಡಿಯಲು ಗುಳೆ ಹೋಗುವುದು ಈ ತಾಂಡಾಗಳಲ್ಲಿ ಇಂದಿಗೂ ನಿಂತಿಲ್ಲ. ಅಭಯಾರಣ್ಯದ ಗಡಿ ಅವರ ಸೌದೆಗೂ ದನದ ಮೇವಿಗೂ ಹೊಸ ನಿರ್ಬಂಧ ತಂದಿತು. ಈ ಲೆಕ್ಕ ಹೀಗೆಯೇ ಬಾಕಿ ಉಳಿದರೆ, ಮುಂದೊಂದು ದಿನ ಮತ್ತೊಂದು ಕಂಪನಿ ಬಂದಾಗ ಗುಡ್ಡದ ಪರವಾಗಿ ಸಾಕ್ಷಿ ಹೇಳುವವರು ಯಾರು?

ಕೂಡಿ ನಡೆಯುವುದು ಹೊಸದಲ್ಲ

ತಂಡ ಕಟ್ಟಿಕೊಂಡು, ಬಲ್ಲವರೊಬ್ಬರನ್ನು ಮುಂದಿಟ್ಟುಕೊಂಡು ನಡೆಯುವುದನ್ನು ಪಟ್ಟಣದ ಹೊಸ ಶೋಕಿ ಎಂದು ತಳ್ಳಿಹಾಕುವವರಿದ್ದಾರೆ. ಉತ್ತರ ಕರ್ನಾಟಕಕ್ಕೆ ಇದಕ್ಕಿಂತ ಹಳೆಯ ಅಭ್ಯಾಸ ಬೇರೊಂದಿಲ್ಲ. ಯುಗಾದಿಯ ಹೊತ್ತಿಗೆ ಸಾವಿರಾರು ಜನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಆಷಾಢದಲ್ಲಿ ದಿಂಡಿಗಳು ಪಂಢರಪುರದ ದಾರಿ ಹಿಡಿಯುತ್ತವೆ. ಪಾದಯಾತ್ರೆಗೆ ಮೊದಲ ಸಲ ಹೊರಟವನು ಒಬ್ಬನೇ ನಡೆಯುವುದಿಲ್ಲ. ಹತ್ತಾರು ಸಲ ಹೋಗಿ ಬಂದ ಹಿರಿಯರ ಜೊತೆ ನಡೆಯುತ್ತಾನೆ. ಎಲ್ಲಿ ನೀರು, ಎಲ್ಲಿ ನೆರಳು, ಯಾವ ಊರಿನಲ್ಲಿ ಪ್ರಸಾದ, ಕಾಲಿಗೆ ಬೊಕ್ಕೆ ಎದ್ದರೆ ಏನು ಮದ್ದು, ಇವೆಲ್ಲ ಆ ಹಿರಿಯರಿಗೆ ಗೊತ್ತು. ದಾರಿಯ ಊರುಗಳೇ ಆತಿಥ್ಯ ವಹಿಸುತ್ತವೆ.

ಪರಿಸರ ಚಳವಳಿಯೂ ನಡಿಗೆಯಿಂದಲೇ ಬೆಳೆದದ್ದು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಲ್ಕಣಿಯ ಜನ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡರು. 1987-88ರ ಪಶ್ಚಿಮಘಟ್ಟ ಉಳಿಸಿ ಪಾದಯಾತ್ರೆಯಲ್ಲಿ ಉತ್ತರ-ದಕ್ಷಿಣಗಳಿಂದ ಹೊರಟ ತಂಡಗಳು ಗೋವಾದಲ್ಲಿ ಕೂಡಿದವು; ಘಟ್ಟವನ್ನು ಭೂಪಟದಲ್ಲಷ್ಟೇ ಕಂಡಿದ್ದ ಒಂದು ತಲೆಮಾರು ಅದನ್ನು ಕಾಲಿನಿಂದ ಅರಿಯಿತು. ದೂರದ ಇಂಗ್ಲೆಂಡಿನಲ್ಲಿಯೂ ಸಂಘಟಿತ ಗುಂಪು ಪ್ರವಾಸದ ಬೇರು ಇಂಥದೇ ಚಳವಳಿಯಲ್ಲಿದೆ. 1841ರ ಜುಲೈ 5ರಂದು ಥಾಮಸ್ ಕುಕ್ ಸುಮಾರು 500 ಜನರನ್ನು ಲೆಸ್ಟರಿನಿಂದ ಲಫ್‌ಬರೋಗೆ ರೈಲಿನಲ್ಲಿ ಕರೆದೊಯ್ದದ್ದು ಪಾನನಿರೋಧದ ಸಭೆಗೆ. ಆನಂತರ ಅದು ಜಗತ್ತಿನ ದೊಡ್ಡ ವ್ಯಾಪಾರವಾಯಿತು. ಚಳವಳಿಯಾಗಿ ಹುಟ್ಟಿದ್ದು ವ್ಯಾಪಾರವಾಗಿ ಬೆಳೆಯುವ ಈ ಇತಿಹಾಸವನ್ನು ಕಪ್ಪತಗುಡ್ಡದ ಹಿತೈಷಿಗಳು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ಸಲದವನ ಪಾಡು

ಗದಗಿನ ಬ್ಯಾಂಕ್ ನೌಕರನೊಬ್ಬ ಅಥವಾ ಬೆಟಗೇರಿಯ ಶಾಲಾ ಶಿಕ್ಷಕಿಯೊಬ್ಬರು ಮೊದಲ ಬಾರಿಗೆ ಗುಡ್ಡ ಹತ್ತಲು ಹೊರಟಿದ್ದಾರೆ ಎಂದಿಟ್ಟುಕೊಳ್ಳೋಣ. ವಯಸ್ಸು ನಲವತ್ತು ದಾಟಿದೆ. ದಿನದ ನಡಿಗೆ ಮನೆಯಿಂದ ಬಸ್ ನಿಲ್ದಾಣದವರೆಗೆ. ಅವರ ಮನಸ್ಸಿನಲ್ಲಿರುವ ಮೊದಲ ಅಂಜಿಕೆ ಹಾವಿನದೂ ಅಲ್ಲ, ಚಿರತೆಯದೂ ಅಲ್ಲ. ಉಳಿದವರಿಗಿಂತ ಹಿಂದೆ ಬಿದ್ದರೆ ಹೇಗೆ ಎಂಬುದು. ಈ ಅಂಜಿಕೆಯಿಂದಲೇ ಅವರು ಆರಂಭದಲ್ಲಿ ಮಿತಿಮೀರಿ ಬಿರುಸಾಗಿ ಹತ್ತುತ್ತಾರೆ, ಅರ್ಧ ಗಂಟೆಯಲ್ಲಿ ಉಸಿರುಗಟ್ಟಿ ಕೂಡುತ್ತಾರೆ, ನೀರನ್ನೆಲ್ಲ ಒಮ್ಮೆಗೇ ಕುಡಿದು ಮುಗಿಸುತ್ತಾರೆ.

ಒಳ್ಳೆಯ ಮಾರ್ಗದರ್ಶಿಯ ಮೊದಲ ಕೆಲಸ ಈ ಅಂಜಿಕೆಯನ್ನು ಬಿಡಿಸುವುದು. ತಂಡದಲ್ಲಿ ತೀರ ನಿಧಾನ ನಡೆಯುವವರ ನಡಿಗೆಯೇ ಎಲ್ಲರ ನಡಿಗೆ ಎಂಬ ನಿಯಮವನ್ನು ಹೊರಡುವ ಮುನ್ನವೇ ಹೇಳಬೇಕು. ಮುಂದೊಬ್ಬ, ಹಿಂದೊಬ್ಬ ಇರಬೇಕು. ಹಿಂದಿನವನನ್ನು ದಾಟಿ ಯಾರೂ ಉಳಿಯಬಾರದು. "ಯಜಮಾನ್ರ, ಇಲ್ಲೆ ಸ್ವಲ್ಪ ಕೂಡ್ರಿ, ನೀರ ಕುಡೀರಿ, ಗುಡ್ಡ ಎಲ್ಲೂ ಓಡಿ ಹೋಗಂಗಿಲ್ಲ" ಎಂದು ತಾಂಡಾದ ದನಗಾಹಿ ಹೇಳುವ ಮಾತಿನಲ್ಲಿ ಈ ಶಾಸ್ತ್ರವೆಲ್ಲ ಅಡಕವಾಗಿದೆ.

ಬಯಲುಸೀಮೆಯ ಗುಡ್ಡದಲ್ಲಿ ನೆರಳು ಕಡಿಮೆ. ಬೆಳಗಿನ 6 ಗಂಟೆಗೆ ಹೊರಟು 11ರೊಳಗೆ ಇಳಿಯುವುದು ಲೇಸು. ತಲಾ ಮೂರು ಲೀಟರ್ ನೀರು ಬೇಕು. ಗುಡ್ಡದ ಮೇಲೆ ಸಿಕ್ಕೀತು ಎಂದು ಹೊರಡಬಾರದು. ಉಪ್ಪು-ಸಕ್ಕರೆ ಬೆರೆಸಿದ ನೀರು, ತಲೆಗೆ ಟೊಪ್ಪಿಗೆ ಅಥವಾ ಟವೆಲ್ಲು, ಹಿಡಿತವಿರುವ ಹಳೆಯ ಬೂಟು ಸಾಕು. ಹೊಸ ಬೂಟು ಮೊದಲ ದಿನವೇ ಬೊಕ್ಕೆ ಎಬ್ಬಿಸುತ್ತದೆ. ಹತ್ತುವಾಗ ಕಷ್ಟವಾಗುವುದು ಎದೆಗೆ, ಇಳಿಯುವಾಗ ಮಂಡಿಗೆ. ಸಡಿಲ ಗರಸಿನ ಮೇಲೆ ಜಾರಿ ಬೀಳುವವರಲ್ಲಿ ಇಳಿಯುವವರೇ ಹೆಚ್ಚು. ಒಂದು ಕೋಲು ಇದ್ದರೆ ಅರ್ಧ ಭಾರ ಇಳಿಯುತ್ತದೆ. ಕುರಿಗಾರನ ಕೈಯಲ್ಲಿ ಕೋಲು ಇರುವುದು ಕುರಿಗಾಗಿ ಮಾತ್ರವೇ ಅಲ್ಲ. ಹೆಣ್ಣುಮಕ್ಕಳಿಗೆ ಕೆಳಗಿನ ಊರಿನಲ್ಲಿ ಶೌಚಾಲಯದ ಏರ್ಪಾಡು, ತಂಡದಲ್ಲಿ ಮಹಿಳಾ ಮಾರ್ಗದರ್ಶಿ ಇರುವುದು ಸೌಜನ್ಯದ ಮಾತಲ್ಲ, ಮೂಲಭೂತ ಅಗತ್ಯ.

ಮಾರ್ಗದರ್ಶಿ ಏಕೆ ಬೇಕು: ಮಣ್ಣಿನ ಸಾಕ್ಷ್ಯ

ಮಾರ್ಗದರ್ಶಿ ಚಾರಣಿಗನ ಸುರಕ್ಷತೆಗೆ ಮಾತ್ರ ಎಂಬುದು ಸಾಮಾನ್ಯ ತಿಳಿವಳಿಕೆ. ಗುಡ್ಡದ ಸುರಕ್ಷತೆಗೂ ಆತ ಬೇಕು. ಹುಲ್ಲುನೆಲದ ಮೇಲೆ ಕಾಲ್ತುಳಿತದ ಪರಿಣಾಮವನ್ನು ಅಧ್ಯಯನ ಮಾಡಿದವರು ಜಗತ್ತಿನ ಅನೇಕ ಕಡೆ ಕಂಡುಕೊಂಡ ಸತ್ಯ ಒಂದಿದೆ: ಹಾನಿಯ ಬಹುಪಾಲು ಆಗುವುದು ಮೊದಲ ಕೆಲವು ತುಳಿತಗಳಲ್ಲಿ. ಯಾರೂ ನಡೆಯದ ಜಾಗದಲ್ಲಿ ಹತ್ತಿಪ್ಪತ್ತು ಮಂದಿ ನಡೆದರೆ ಹುಲ್ಲು ಮಲಗುತ್ತದೆ, ಮಣ್ಣು ಅಡಕವಾಗುತ್ತದೆ, ನೀರು ಇಂಗುವುದು ಕಡಿಮೆಯಾಗುತ್ತದೆ. ಈಗಾಗಲೇ ಸವೆದ ಜಾಡಿನ ಮೇಲೆ ನೂರು ಮಂದಿ ನಡೆದರೆ ಆಗುವ ಹೆಚ್ಚುವರಿ ಹಾನಿ ಅದಕ್ಕೆ ಹೋಲಿಸಿದರೆ ಅಲ್ಪ. ಆದ್ದರಿಂದ ಹತ್ತು ಜಾಡುಗಳಲ್ಲಿ ಚದುರಿದ ಐವತ್ತು ಮಂದಿಗಿಂತ ಒಂದೇ ಜಾಡಿನಲ್ಲಿ ಸಾಲಾಗಿ ನಡೆಯುವ ಐವತ್ತು ಮಂದಿ ಗುಡ್ಡಕ್ಕೆ ಹಗುರ. ಹೊಸಬರು ಫೋಟೋಕ್ಕಾಗಿ, ಹತ್ತಿರದ ದಾರಿಗಾಗಿ ಅಡ್ಡ ಹಾಯುವುದು ಸಹಜ. ಅಡ್ಡ ಹಾದ ಜಾಡೇ ಮುಂದಿನ ಮಳೆಗಾಲದಲ್ಲಿ ಕೊರಕಲಾಗುತ್ತದೆ. ಅವರನ್ನು ಜಾಡಿನ ಮೇಲೆ ಇರಿಸಲು ಜಾಡು ಬಲ್ಲ ಮನುಷ್ಯ ಬೇಕು. ಫಲಕಗಳಿಂದ ಆಗದ ಕೆಲಸ ಅದು.

ಎರಡನೆಯದು ಕಳೆ. ಬೂಟಿನ ಅಡಿಯ ಕೆಸರಿನಲ್ಲಿ, ಬಟ್ಟೆಯ ಮಡಿಕೆಯಲ್ಲಿ ಬೀಜಗಳು ಊರಿನಿಂದ ಗುಡ್ಡಕ್ಕೆ ಪ್ರಯಾಣಿಸುತ್ತವೆ. ಕಾಂಗ್ರೆಸ್ ಕಳೆಯು ರಸ್ತೆ ಬದಿಯಿಂದ ಹೊಲಕ್ಕೆ, ಹೊಲದಿಂದ ಗೋಮಾಳಕ್ಕೆ ಹಬ್ಬಿದ ಕಥೆ ಎಲ್ಲ ರೈತರಿಗೂ ಗೊತ್ತು. ಹತ್ತುವ ಮುನ್ನ ಬೂಟು ಕೊಡವಿಸುವುದು ಅತಿ ಸಣ್ಣ ಶಿಸ್ತು. ಹೇಳುವವರಿಲ್ಲದಿದ್ದರೆ ಅದು ನಡೆಯುವುದಿಲ್ಲ.

ಮೂರನೆಯದು ಗಿಡಮೂಲಿಕೆಯ ಆಸೆ. ಸಸ್ಯಕಾಶಿಗೆ ಬಂದವನು ಬರಿಗೈಯಲ್ಲಿ ಹೋಗಲು ಒಪ್ಪುವುದಿಲ್ಲ. ಮಧುನಾಶಿನಿಯನ್ನು ತೋರಿಸಿದೊಡನೆ ಮನೆಯ ಮಧುಮೇಹಿಗಳ ನೆನಪಾಗುತ್ತದೆ. ಎಲೆ ಕಿತ್ತರೆ ಬಳ್ಳಿ ಚಿಗುರೀತು. ಬೇರು ಅಗೆದರೆ ಅಲ್ಲಿಗೆ ಮುಗಿಯಿತು. ನಾಟಿ ವೈದ್ಯನಿಗೆ ಯಾವಾಗ ಯಾವ ಭಾಗವನ್ನು ಎಷ್ಟು ತೆಗೆಯಬೇಕೆಂಬ ಕಟ್ಟಳೆ ಗೊತ್ತು. ಅಭಯಾರಣ್ಯದಲ್ಲಿ ಅದನ್ನು ಕೀಳುವುದು ಕಾನೂನಿಗೂ ವಿರುದ್ಧ. ಗಿಡವನ್ನು ತೋರಿಸಿ, ಹೆಸರು ಹೇಳಿ, ಕೀಳಗೊಡದೆ ಮುಂದೆ ನಡೆಸುವವನೇ ನಿಜವಾದ ಮಾರ್ಗದರ್ಶಿ.

ಹೋಗಬಾರದ ತಿಂಗಳುಗಳು

ಮಾರ್ಗದರ್ಶಿ ಇದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದು ನಂಬುವಂತಿಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟಗಳಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿ 20ಕ್ಕೂ ಹೆಚ್ಚು ಚಾರಣಿಗರ ಪ್ರಾಣ ತೆಗೆದುಕೊಂಡಿತು. ಅವರೂ ತಂಡವಾಗಿಯೇ ಹೋಗಿದ್ದರು. 2024ರ ಜೂನಿನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ ಒಂಬತ್ತು ಮಂದಿ ತೀರಿಕೊಂಡರು. ಕಾಲ ಮತ್ತು ಹವೆಯ ಮುಂದೆ ಅನುಭವವೂ ಸೋಲುತ್ತದೆ ಎಂಬುದನ್ನು ಈ ಎರಡೂ ದುರಂತಗಳು ಹೇಳುತ್ತವೆ.

ಕಪ್ಪತಗುಡ್ಡ ಕುರಂಗಣಿಯ ಹಾಗೆಯೇ ಹುಲ್ಲಿನ ಗುಡ್ಡ. ಎಳ್ಳಮಾವಾಸ್ಯೆ ಕಳೆಯುತ್ತಿದ್ದಂತೆ ಬಾದೆ ಹುಲ್ಲು ಒಣಗಿ ಕೆಂಚಗಾಗುತ್ತದೆ. ಜನವರಿಯಿಂದ ಬೇಸಿಗೆಯವರೆಗೆ ಕಾಳ್ಗಿಚ್ಚಿನ ಸುದ್ದಿ ಬಾರದ ವರ್ಷ ಅಪರೂಪ. ಗಾಳಿಯಂತ್ರಗಳನ್ನು ನೆಡಲು ಆರಿಸಿಕೊಂಡ ಗುಡ್ಡವೆಂದ ಮೇಲೆ ಅಲ್ಲಿನ ಗಾಳಿಯ ವೇಗವನ್ನು ಬೇರೆ ಹೇಳಬೇಕಾಗಿಲ್ಲ. ಆ ಗಾಳಿಯಲ್ಲಿ ಹುಲ್ಲಿನ ಬೆಂಕಿ ಇಳಿಜಾರನ್ನು ಏರುವ ವೇಗಕ್ಕೆ ಯಾವ ಯುವಕನೂ ಓಡಲಾರ. ಆದ್ದರಿಂದ ಆಗಸ್ಟಿನ ಮಘಾ ಮಳೆಯಿಂದ ಡಿಸೆಂಬರಿನ ಎಳ್ಳಮಾವಾಸ್ಯೆಯ ಸುಮಾರಿಗೆ ಚಾರಣ ಮುಗಿಯಬೇಕು. ಜನವರಿಯಿಂದ ಮುಂಗಾರು ಹಿಡಿಯುವವರೆಗೆ ಗುಡ್ಡಕ್ಕೆ ರಜೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದನ್ನು ನಿಷೇಧಿಸುತ್ತದೆ. ಅಡುಗೆ ಕೆಳಗಿನ ಊರಿನಲ್ಲೇ ಆಗಲಿ, ಬೀಡಿ-ಸಿಗರೇಟು ಕೆಳಗೇ ಉಳಿಯಲಿ.

ಮಲೆನಾಡು ಕಲಿತ ಪಾಠ

ಮಿತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮಲೆನಾಡು ಬಲ್ಲದು. 2024ರ ಜನವರಿಯ ಕೊನೆಯ ರಜೆಗಳಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಗೇ ನುಗ್ಗಿದರು. ಕಾಡಿನ ನಡುವೆ ಜಾತ್ರೆಯ ಸಾಲು ನಿಂತ ಚಿತ್ರಗಳನ್ನು ನಾಡೆಲ್ಲ ಕಂಡಿತು. ಆನಂತರ ಸರ್ಕಾರ ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ತಡೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ನೋಂದಣಿ ವ್ಯವಸ್ಥೆ ಬಂದು, ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ಹೇಳಲಾಯಿತು. ಹೆಜ್ಜೆ ಸ್ವಾಗತಾರ್ಹ. ಆದರೆ ಮಳೆಕಾಡಿನ ಪರ್ವತಕ್ಕೂ 600 ಮಿ.ಮೀ. ಮಳೆಯ ಕುರುಚಲು ಗುಡ್ಡಕ್ಕೂ ಒಂದೇ ಅಂಕಿ ಹೊಂದುವುದಿಲ್ಲ. ದಿನಕ್ಕೆ 300 ಮಂದಿ ಕಪ್ಪತಗುಡ್ಡಕ್ಕೆ ದುಬಾರಿ.

ಇನ್ನೊಂದು ಅಪಾಯ ವಾಹನದ್ದು. ಗಾಳಿಯಂತ್ರಗಳಿಗೆಂದು ಗುಡ್ಡದ ನೆತ್ತಿಯವರೆಗೆ ಕಡಿದ ರಸ್ತೆಗಳು ಇವೆ. ಕಾಲಿನಿಂದ ಹತ್ತಿದವನು ದಣಿದು, ನೋಡಿ, ಕಸವನ್ನು ಚೀಲದಲ್ಲಿ ಹೊತ್ತು ಇಳಿಯುವ ಸಂಭವ ಉಂಟು. ಕಾರಿನಲ್ಲಿ ಬಂದವನು ತಿಂದದ್ದನ್ನು ಅಲ್ಲೇ ಎಸೆದು ಹೋಗುವುದೇ ಹೆಚ್ಚು. ಗುಡ್ಡವನ್ನು ನೋಡಬೇಕಾದವರು ಬೆವರಿನ ಬೆಲೆ ತೆತ್ತು ನೋಡಲಿ.

ಲೆಕ್ಕ ಯಾರ ಜೇಬಿಗೆ?

ಚಾರಣ ಏರ್ಪಡಿಸುವ ನಗರದ ಸಂಸ್ಥೆಗಳು ಬಸ್ಸು, ಊಟ, ಮಾರ್ಗದರ್ಶಿ ಎಲ್ಲವನ್ನೂ ಊರಿನಿಂದಲೇ ತರುವುದುಂಟು. ಅಂಥ ತಂಡ ಬಂದು ಹೋದರೆ ತಾಂಡಾಕ್ಕೆ ಉಳಿಯುವುದು ಧೂಳು ಮತ್ತು ಖಾಲಿ ಬಾಟಲಿ. ಇದನ್ನು ತಿರುಗಿಸಿ ನಿಲ್ಲಿಸಬಹುದು. ತಿಳಿವಳಿಕೆಗಾಗಿ ಒಂದು ಲೆಕ್ಕ ಹಾಕೋಣ. ಹತ್ತು ಮಂದಿಯ ಎರಡು ತಂಡ, ವಾರಕ್ಕೆ ಎರಡು ದಿನ, ವರ್ಷಕ್ಕೆ ಇಪ್ಪತ್ತು ವಾರ. ಒಟ್ಟು 800 ಮಂದಿ. ತಲಾ 300 ರೂಪಾಯಿ ಮಾರ್ಗದರ್ಶನಕ್ಕೆ, 150 ರೂಪಾಯಿ ಊಟಕ್ಕೆ ಎಂದರೆ 3 ಲಕ್ಷ 60 ಸಾವಿರ. ತಂಡಕ್ಕೆ ಇಬ್ಬರು ಮಾರ್ಗದರ್ಶಿಗಳಂತೆ ಒಬ್ಬೊಬ್ಬರ ದಿನಗೂಲಿ 1,500 ರೂಪಾಯಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಡಕೆಕಾಳಿನ ಪಲ್ಯ, ಮಜ್ಜಿಗೆ ಬಡಿಸಿದ ಮಹಿಳಾ ಸಂಘಕ್ಕೆ 1 ಲಕ್ಷ 20 ಸಾವಿರ.

ಇದು ಗುಳೆಯನ್ನು ನಿಲ್ಲಿಸುವ ಮೊತ್ತವಲ್ಲ; ಹಾಗೆಂದು ಆಸೆ ಹುಟ್ಟಿಸುವುದು ವಂಚನೆಯಾದೀತು. ಆದರೆ ಒಂದು ತಾಂಡಾದ ಹತ್ತಾರು ಮನೆಗಳಿಗೆ ಗುಡ್ಡ ಉಳಿದದ್ದರಿಂದ ಕೈಗೆ ನಾಲ್ಕು ಕಾಸು ಬಂತು ಎಂಬ ಅನುಭವವಾಗುತ್ತದೆ. ಬೆಂಕಿ ಕಂಡೊಡನೆ ಓಡಿ ಬರುವ ಮೊದಲ ಕೈಗಳು ಆ ಮನೆಗಳವೇ ಆಗಿರುತ್ತವೆ. ನೇಪಾಳದ ಅನ್ನಪೂರ್ಣ ಸಂರಕ್ಷಣಾ ಯೋಜನೆ 1986ರಲ್ಲಿ ಆರಂಭವಾದಾಗ, ಚಾರಣಿಗರಿಂದ ಪಡೆದ ಶುಲ್ಕವನ್ನು ಅದೇ ಕಣಿವೆಯ ಹಳ್ಳಿಗಳ ಸಂರಕ್ಷಣೆ ಮತ್ತು ಅಭಿವೃದ್ಧಿಗೆ ಬಳಸುವ ಪದ್ಧತಿ ತಂದಿತು. ಕರ್ನಾಟಕದಲ್ಲಿ 1993ರಿಂದ ಗ್ರಾಮ ಅರಣ್ಯ ಸಮಿತಿಗಳ ಪರಿಕಲ್ಪನೆ ಇದೆ. ಪಾತ್ರೆ ಇದೆ, ಅದಕ್ಕೆ ಸುರಿಯಬೇಕಾದದ್ದನ್ನು ಬೇರೆಡೆ ಸುರಿಯಲಾಗುತ್ತಿದೆ.

ಗುಡ್ಡವೊಂದೇ ಸಾಲದು

ಗುಡ್ಡದ ಮೇಲಿನ ಒತ್ತಡ ತಗ್ಗಿಸಲು ನಡಿಗೆಯನ್ನು ಬಯಲಿಗೂ ಹರಡಬೇಕು. ಮೂರು ದಿನದ ರಜೆಗೆ ಬಂದವನು ಒಂದು ಬೆಳಗು ಮಾತ್ರ ಗುಡ್ಡ ಹತ್ತಲಿ. ಅಂದು ಸಂಜೆ ಡಂಬಳದ ಕೆರೆಯ ಏರಿಯ ಮೇಲೆ ನಡೆದು, ದೊಡ್ಡಬಸಪ್ಪ ದೇವಾಲಯದ ಮುಂದೆ ಕೂತು, ಗುಡ್ಡದ ನೀರು ಎಲ್ಲಿಗೆ ಬರುತ್ತದೆ ಎಂಬುದನ್ನು ನೋಡಲಿ. ಮರುದಿನ ಶಿರಹಟ್ಟಿ ಸೀಮೆಯ ಎರೆ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಸೈಕಲ್ ತುಳಿಯಲಿ.

ನವೆಂಬರ್ ಕಳೆದ ಮೇಲೆ ಬಂದವರಿಗೆ ಮಾಗಡಿ ಕೆರೆ ಇದೆ. ಲಕ್ಷ್ಮೇಶ್ವರದಿಂದ 11 ಕಿ.ಮೀ., ಶಿರಹಟ್ಟಿಯಿಂದ 8 ಕಿ.ಮೀ. ದೂರದ, ಸುಮಾರು 54 ಹೆಕ್ಟೇರಿನ ಈ ಕೆರೆಗೆ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಇದು ರಾಮ್ಸಾರ್ ತಾಣವಾಯಿತು. ಈ ಹಕ್ಕಿಗಳು ಹೊಟ್ಟೆ ಹೊರೆಯುವುದು ಮೀನಿನಿಂದಲ್ಲ. ಹಗಲು ಕೆರೆಯಲ್ಲಿ ವಿಶ್ರಮಿಸಿ, ಇರುಳು ಸುತ್ತಲಿನ ಶೇಂಗಾ, ಕಡಲೆ ಹೊಲಗಳಲ್ಲಿ ಮೇಯುತ್ತವೆ. ಅಂದರೆ ಆ ಅತಿಥಿಗಳ ಊಟದ ಖರ್ಚನ್ನು ಹೊರುವವನು ಅಲ್ಲಿನ ರೈತ. ಏರಿಯ ಮೇಲೆ ದುರ್ಬೀನು ಹಿಡಿದು ನಿಂತವನಿಗೆ ಈ ಮಾತನ್ನು ಹೇಳಬೇಕಾದವನು ಆ ರೈತನೇ. ಹೇಳಿದ್ದಕ್ಕೆ ಸಂಭಾವನೆ ಪಡೆಯುವ ಹಕ್ಕೂ ಅವನದೇ. ಕೊನೆಗೆ, ಪುಲಿಗೆರೆ ಎಂಬ ಹಳೆಯ ಹೆಸರಿನ ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿಯ ಅಂಗಳದಲ್ಲಿ ದಣಿವಾರಿಸಿಕೊಂಡು ಮರಳಲಿ.

ಆಕ್ಷೇಪಗಳು ಮತ್ತು ಬೇಡಿಕೆಗಳು

ವನ್ಯಜೀವಿಗಳ ನೆಮ್ಮದಿಗೆ ಮನುಷ್ಯ ಸುಳಿಯದಿರುವುದೇ ಮೇಲು ಎಂಬ ಆಕ್ಷೇಪದಲ್ಲಿ ಸತ್ಯವಿದೆ. ತೋಳ, ಕತ್ತೆಕಿರುಬಗಳ ಬಿಲಗಳಿರುವ ಭಾಗಗಳಿಗೆ ಯಾವ ಕಾಲಕ್ಕೂ ಚಾರಣ ಬೇಡ, 60 ಕಿ.ಮೀ. ಸಾಲಿನಲ್ಲಿ ಒಂದೆರಡು ಜಾಡು ತೆರೆದು ಉಳಿದುದನ್ನು ಮುಚ್ಚಿಡಬಹುದು. ಆದರೆ ಪೂರ್ತಿ ಮುಚ್ಚಿದ ಬಾಗಿಲಿನ ಹಿಂದೆ ಏನು ನಡೆಯುತ್ತಿದೆ ಎಂದು ಕೇಳುವವರೂ ಇಲ್ಲವಾಗುತ್ತಾರೆ. 2016ರಲ್ಲಿ ಒಂದು ಆದೇಶ ಸದ್ದಿಲ್ಲದೆ ಹಿಂಪಡೆಯಲ್ಪಟ್ಟಿತು ಎಂಬುದನ್ನು ಮರೆಯಬಾರದು. ಒಮ್ಮೆ ಕಾಲೂರಿ ನಡೆದ ನೆಲದ ಮೇಲೆ ಮನುಷ್ಯನಿಗೆ ಮಮತೆ ಹುಟ್ಟುತ್ತದೆ, ಅದಕ್ಕೆ ಕುತ್ತು ಬಂದಾಗ ಅವನು ಬೀದಿಗಿಳಿಯುತ್ತಾನೆ.

ಹೀಗಾಗಿ ಅರಣ್ಯ ಇಲಾಖೆಯ ಮುಂದೆ, ಜಿಲ್ಲಾಡಳಿತದ ಮುಂದೆ ಚಳವಳಿ ಇಡಬೇಕಾದ ಬೇಡಿಕೆಗಳು ಸ್ಪಷ್ಟ. ಒಂದು, ಚಾರಣಕ್ಕೆ ಗುರುತಿಸಿದ ಜಾಡುಗಳು ಒಂದೆರಡೇ ಇರಲಿ, ಅವುಗಳ ಮಣ್ಣು ಕಾಯುವ ಕಲ್ಲಿನ ತಡೆಗಳನ್ನು ಪ್ರತಿ ಮಳೆಗಾಲದ ಮುನ್ನ ದುರಸ್ತಿ ಮಾಡಲಿ. ಎರಡು, ದಿನಕ್ಕೆ ಇಪ್ಪತ್ತು ಮಂದಿಗೆ ಮೀರದೆ, ಹತ್ತರ ತಂಡಗಳಲ್ಲಿ ಪ್ರವೇಶ ಸಿಗಲಿ. ಮೂರು, ಅಂಚಿನ ಊರು-ತಾಂಡಾಗಳ ಮಾರ್ಗದರ್ಶಿ ಇಲ್ಲದೆ ಯಾವ ಸಂಸ್ಥೆಯ ತಂಡಕ್ಕೂ ಅನುಮತಿ ಬೇಡ. ಅವರಿಗೆ ಪ್ರಥಮ ಚಿಕಿತ್ಸೆ ಮತ್ತು ಕಾಳ್ಗಿಚ್ಚು ನಿಯಂತ್ರಣದ ತರಬೇತಿ ಸಿಗಲಿ, ಅವರಲ್ಲಿ ಅರ್ಧದಷ್ಟು ಮಹಿಳೆಯರಿರಲಿ. ನಾಲ್ಕು, ಜನವರಿಯಿಂದ ಮುಂಗಾರಿನವರೆಗೆ ಗುಡ್ಡ ಮುಚ್ಚಿರಲಿ. ಐದು, ಪ್ರವೇಶ ಶುಲ್ಕದ ಪಾಲು ಗ್ರಾಮ ಅರಣ್ಯ ಸಮಿತಿಯ ಖಾತೆಗೆ ನೇರ ಜಮೆಯಾಗಿ, ಅದರ ಲೆಕ್ಕ ಗ್ರಾಮಸಭೆಯ ಮುಂದೆ ಬರಲಿ.

ಓದುಗರಲ್ಲಿಯೂ ಒಂದು ವಿನಂತಿ. ಈ ವರ್ಷ ಉತ್ತರಿ ಮಳೆ ಬಿದ್ದ ಮೇಲೆ ಕಪ್ಪತಗುಡ್ಡಕ್ಕೆ ಮೊದಲ ಸಲ ಹೊರಡುವ ಆಸೆಯಿದ್ದರೆ, ತಂಡ ಏರ್ಪಡಿಸಿದವರನ್ನು ಹಣ ಕಟ್ಟುವ ಮುನ್ನವೇ ಕೇಳಿರಿ: ಮುಂದೆ ನಡೆಯುವವರು ಯಾವ ಊರಿನವರು? ಅವರಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ? ಮಧ್ಯಾಹ್ನದ ರೊಟ್ಟಿ ಯಾರ ಮನೆಯದು? ಉತ್ತರ ಸಿಗದಿದ್ದರೆ ಆ ತಂಡದ ಜೊತೆ ಹೋಗಬೇಡಿ.